ಸಂತಾನಹೀನತೆಯಲ್ಲಿ ಪುರುಷಚಿಕಿತ್ಸೆ: ಸೂಕ್ಷ್ಮ ಶಸ್ತ್ರವಿದ್ಯೆಯೂ ಯಂತ್ರಹಸ್ತವೂ

(ಶ್ರೀಮಠದ ಮಹೋತ್ಸವದ ಸಭೆಯಲ್ಲಿ ಮಾಡಲ್ಪಟ್ಟ ಉಪನ್ಯಾಸ)



ಕನ್ನಡ ನಾಡಿನ ಜಾತ್ರೆಗಳಲ್ಲಿ ಗುಡಿಯ ಮುಂದಿನ ಮರದ ಕೊಂಬೆಗೆ ಪುಟ್ಟ ಪುಟ್ಟ ತೊಟ್ಟಿಲುಗಳನ್ನು ಕಟ್ಟಿರುವದನ್ನು ಕಾಣದವರು ವಿರಳ. ಕಾಳಗಿ, ಚಿತ್ತಾಪುರ, ಸೇಡಂ, ಚಿಂಚೋಳಿಗಳ ಸೀಮೆಯವರಿಗೂ ಆ ಹರಕೆ ಹೊಸದೇನಲ್ಲ. ಆ ತೊಟ್ಟಿಲನ್ನು ಕಟ್ಟಿದವರು ಯಾರು? ಒದ್ದೆ ಸೀರೆಯಲ್ಲಿ ಉರುಳುಸೇವೆ ಮಾಡಿದವರು ಯಾರು? ವಾರ ವಾರವೂ ಉಪವಾಸವಿದ್ದು ಮೈ ಸೊರಗಿಸಿಕೊಂಡವರು ಯಾರು? ಬಹುಮಟ್ಟಿಗೆ ಹೆಂಗಸರೇ. ಗಂಡನಾದವನು ಗಾಡಿ ಹೊಡೆದುಕೊಂಡು ಬಂದು ಮರದ ನೆರಳಿನಲ್ಲಿ ಕುಳಿತಿರುತ್ತಾನೆ. ಹರಕೆಯನ್ನು ಹಳಿಯುವದು ಈ ಉಪನ್ಯಾಸದ ಉದ್ದೇಶವಲ್ಲ. ದುಃಖಿತರು ದೇವರಲ್ಲಿ ಮೊರೆಯಿಡದೆ ಮತ್ತೆಲ್ಲಿ ಮೊರೆಯಿಟ್ಟಾರು? ಆದರೆ ಮೊರೆಯಿಡುವ ಭಾರವೆಲ್ಲ ಒಬ್ಬಳ ಮೇಲೆಯೇ ಏಕೆ ಬಿದ್ದಿತೆಂಬುದು ವಿಚಾರಿಸತಕ್ಕ ಸಂಗತಿಯಾಗಿದೆ.

ಇದಕ್ಕೆ ಭಾಷೆಯೂ ಒಂದು ಸಾಕ್ಷಿ. ಮಕ್ಕಳಾಗದ ಹೆಂಗಸಿಗೆ ಕನ್ನಡದಲ್ಲಿ ‘ಬಂಜೆ’ ಎಂಬ ಕ್ರೂರ ಪದವಿದೆ. ಓಣಿಯ ಮಕ್ಕಳೂ ಅದನ್ನು ಬಲ್ಲರು. ಮಕ್ಕಳಾಗದ ಗಂಡಸಿಗೆ ಅಂಥ ನಿತ್ಯಬಳಕೆಯ ಪದವೇ ಇಲ್ಲ. ‘ಷಂಡ’ ಎಂಬುದುಂಟು, ಅದು ಬೇರೆಯೇ ದೋಷದ ಹೆಸರು. ದಾಂಪತ್ಯ ನಡೆಸಲು ಅಶಕ್ತನಾದವನಿಗೆ ಆ ಮಾತು ಸಲ್ಲುತ್ತದೆ. ಗಟ್ಟಿಮುಟ್ಟಾಗಿದ್ದು, ಹೊಲದಲ್ಲಿ ನಾಲ್ಕಾಳಿನ ಕೆಲಸ ಮಾಡುತ್ತ, ದಾಂಪತ್ಯಸುಖಕ್ಕೆ ಯಾವ ಕೊರತೆಯೂ ಇಲ್ಲದ ಪುರುಷನ ವೀರ್ಯದಲ್ಲಿಯೂ ಬೀಜಾಣುಗಳು ಒಂದೂ ಇಲ್ಲದಿರಬಹುದು. ಈ ಎರಡು ಸಂಗತಿಗಳನ್ನು ಒಂದೆಂದು ತಿಳಿದುದರಿಂದಲೇ ಗಂಡಸರು ಪರೀಕ್ಷೆಗೆ ಹೆದರುವರು. ದವಾಖಾನೆಯ ಬಾಗಿಲು ತುಳಿದರೆ ಗಂಡಸುತನಕ್ಕೇ ಕಲಂಕ ಬಂದಿತೆಂದು ಅವರ ಭ್ರಮೆ. ಆ ಭ್ರಮೆಗೆ ತೆರುವ ಬೆಲೆ ಹೆಂಡತಿಯದು: ಹತ್ತು ವರುಷ ಅವಳಿಗೆ ಮದ್ದು, ಅವಳಿಗೆ ಸೂಜಿ, ಅವಳಿಗೆ ಬೈಗುಳ, ಕೊನೆಗೆ ಮನೆಗೆ ಸವತಿ. ಸವತಿಗೂ ಮಕ್ಕಳಾಗದಾಗ ಮನೆಯ ಹಿರಿಯರು ಮೌನ ತಾಳುವರು. ಮೊದಲಿನವಳ ವ್ಯರ್ಥವಾದ ವರುಷಗಳನ್ನು ಮಾತ್ರ ಯಾರೂ ಲೆಕ್ಕಕ್ಕೆ ಹಿಡಿಯುವದಿಲ್ಲ.

ಲೆಕ್ಕವೇ ಬೇಕಾದರೆ ಅದು ಹೀಗಿದೆ. ಪ್ರಪಂಚದಲ್ಲಿ ಸುಮಾರು ಆರು ಜನರಲ್ಲಿ ಒಬ್ಬರು ತಮ್ಮ ಆಯುಷ್ಯದಲ್ಲಿ ಒಮ್ಮೆಯಾದರೂ ಸಂತಾನಹೀನತೆಯ ಕಷ್ಟವನ್ನು ಅನುಭವಿಸುವರೆಂದು ವಿಶ್ವ ಆರೋಗ್ಯ ಸಂಸ್ಥೆಯು ೨೦೨೩ರಲ್ಲಿ ಪ್ರಕಟಿಸಿತು. ಮಕ್ಕಳಾಗದ ದಂಪತಿಗಳ ಪೈಕಿ ಸುಮಾರು ಅರ್ಧ ಪಾಲಿನಲ್ಲಿ ದೋಷವು ಗಂಡಸಿನಲ್ಲಿ ಮಾತ್ರವೇ, ಅಥವಾ ಇಬ್ಬರಲ್ಲಿಯೂ ಇರುತ್ತದೆ. ಎಂದ ಮೇಲೆ ಹೆಂಗಸೊಬ್ಬಳನ್ನೇ ಪರೀಕ್ಷಿಸುವ ವೈದ್ಯನು ಅರ್ಧ ರೋಗವನ್ನು ನೋಡದೆ ಬಿಟ್ಟಂತಾಯಿತು.

ಪ್ರಾಚೀನರು ಈ ವಿಷಯದಲ್ಲಿ ಇಂದಿನವರಿಗಿಂತ ಕಣ್ತೆರೆದವರಾಗಿದ್ದರು. ಸುಶ್ರುತ ಸಂಹಿತೆಯ ಶಾರೀರಸ್ಥಾನದಲ್ಲಿ ಶುಕ್ರದ ಮತ್ತು ಆರ್ತವದ ದೋಷಗಳನ್ನು ಒಂದೇ ಅಧ್ಯಾಯದಲ್ಲಿ ಹೇಳಿದೆ. ಗಂಡಸಿನ ದೋಷವೇ ಅಲ್ಲಿ ಮೊದಲು ಬರುತ್ತದೆ. ಭಾರತದ ಕಥೆಯನ್ನು ತೆಗೆದುಕೊಳ್ಳಿರಿ. ಕುಂತಿ ಮಾದ್ರಿಯರಿಗೆ ಮಕ್ಕಳಾಗದಿದ್ದುದಕ್ಕೆ ಕಾರಣನು ಪಾಂಡುವೆಂಬುದನ್ನು ವ್ಯಾಸರೂ ಮುಚ್ಚಲಿಲ್ಲ, ಆ ಕಥೆಯನ್ನು ಕನ್ನಡಕ್ಕೆ ತಂದ ಕವಿಗಳೂ ಮುಚ್ಚಲಿಲ್ಲ. ಶಾಪವೆಂದು ಅವರು ಹೇಳಿದರು, ನಿಜ. ಆದರೆ ಶಾಪವು ಹೆಂಗಸಿಗೆ ತಗಲಿತೆಂದು ಹೇಳಲಿಲ್ಲ.

ಇನ್ನು ಶರೀರದ ರಚನೆಯನ್ನು ಸ್ವಲ್ಪ ತಿಳಿಯುವದು ಅವಶ್ಯ. ಸಭೆಯಲ್ಲಿ ಇಂಥ ಮಾತುಗಳಿಗೆ ನಾಚಬೇಕಾಗಿಲ್ಲ. ಕಣ್ಣು ಕಿವಿಗಳಂತೆ ಇವೂ ಅಂಗಗಳೇ. ವೃಷಣಗಳೆರಡೂ ಹೊಟ್ಟೆಯ ಹೊರಗೆ ಚೀಲದಲ್ಲಿ ತೂಗುತ್ತಿರುವದಕ್ಕೆ ಕಾರಣವುಂಟು. ದೇಹದ ಒಳಗಿನ ಕಾವಿಗಿಂತ ಎರಡರಿಂದ ನಾಲ್ಕು ಡಿಗ್ರಿ ತಂಪಾಗಿದ್ದರೆ ಮಾತ್ರ ಅವುಗಳಲ್ಲಿ ವೀರ್ಯಾಣುಗಳು ಚೆನ್ನಾಗಿ ಹುಟ್ಟುತ್ತವೆ. ವೃಷಣದ ಒಳಗೆ ಕೂದಲಿನಂಥ ನಳಿಕೆಗಳು ಸುರುಳಿ ಸುತ್ತಿಕೊಂಡಿವೆ. ಬಿಡಿಸಿ ಹಾಸಿದರೆ ನೂರಾರು ಮೀಟರು ಉದ್ದವಾದಾವು. ಅಲ್ಲಿ ಹುಟ್ಟಿದ ಅಣುಗಳು ಪಕ್ವವಾಗಲು ಮತ್ತೊಂದು ಸುರುಳಿಯನ್ನು ಹಾಯಬೇಕು. ಅದು ಬೆರಳಿನ ಗಾತ್ರದೊಳಗೆ ಅಡಗಿದ್ದರೂ ಉದ್ದದಲ್ಲಿ ಸುಮಾರು ೨೦ ಅಡಿ. ಅಲ್ಲಿಂದ ಮುಂದೆ ಶುಕ್ರನಾಳ. ಹುಟ್ಟು ಮೊದಲ್ಗೊಂಡು ಪೂರ್ಣರೂಪ ತಾಳುವವರೆಗೆ ಒಂದು ವೀರ್ಯಾಣುವಿಗೆ ಸುಮಾರು ೭೦ ದಿನಗಳು ಹಿಡಿಯುವವು. ಇದನ್ನು ನೆನಪಿನಲ್ಲಿಡತಕ್ಕದ್ದು, ಮುಂದೆ ಬೇಕಾಗುತ್ತದೆ. ಇಂದು ಬಂದ ಕಡುಜ್ವರದ ಹಾನಿಯು ಎರಡು ತಿಂಗಳ ಮೇಲೆ ವೀರ್ಯದಲ್ಲಿ ಕಂಡೀತು. ಇಂದು ತೆಗೆದುಕೊಂಡ ಚಿಕಿತ್ಸೆಯ ಫಲವೂ ಮೂರು ತಿಂಗಳೊಳಗೆ ಕಾಣಲಾರದು.

ಕಲಬುರಗಿ ಜಿಲ್ಲೆಯ ಬೇಸಿಗೆ ೪೦ ಡಿಗ್ರಿಗಳನ್ನು ಮೀರುವದು. ಇಲ್ಲಿಯ ಬಿಸಿಲಿಗೇ ಬೀಜ ಸುಡುತ್ತದೆಯೆ ಎಂದು ಕೆಲವರು ಶಂಕಿಸಿಯಾರು. ಹಾಗಿದ್ದರೆ ಈ ಸೀಮೆಯು ಎಂದೋ ಬರಿದಾಗುತ್ತಿತ್ತು! ದೇಹವು ಬೆವರಿ ತನ್ನ ಕಾವನ್ನು ತಾನೇ ಕಾಯ್ದುಕೊಳ್ಳುವದು. ಆದರೆ ಗೂಡುಗಳ, ಕುಲುಮೆಗಳ, ಭಟ್ಟಿಗಳ ಮುಂದೆ ದಿನವೆಲ್ಲ ನಿಲ್ಲುವವರ, ಬಿಸಿಯಾದ ಎಂಜಿನಿನ ಮಗ್ಗುಲಲ್ಲಿ ತಾಸುಗಟ್ಟಲೆ ಕೂಡುವ ಲಾರಿ ಚಾಲಕರ ಮಾತು ಬೇರೆ. ವಾಡಿ, ಶಹಾಬಾದ, ಸೇಡಂಗಳಲ್ಲಿ ಸಿಮೆಂಟಿನ ಉದ್ಯೋಗವನ್ನು ನೆಚ್ಚಿದ ಮನೆಗಳು ಕಡಿಮೆಯಿಲ್ಲವಾದ್ದರಿಂದ, ವೈದ್ಯನು ಕೇಳದಿದ್ದರೂ ತಮ್ಮ ಕೆಲಸವು ಎಂಥದೆಂಬುದನ್ನು ಹೇಳುವದು ಲೇಸು. ತೊಗರಿ, ಹತ್ತಿಗಳಿಗೆ ಔಷಧ ಸಿಂಪಡಿಸುವವರೂ ಹೇಳತಕ್ಕದ್ದೇ. ಅಮೇರಿಕದ ಕ್ಯಾಲಿಫೋರ್ನಿಯದ ಲ್ಯಾಥ್ರಪ್ ಎಂಬಲ್ಲಿಯ ಕಾರಖಾನೆಯೊಂದರಲ್ಲಿ ಡಿಬಿಸಿಪಿ ಎಂಬ ಕೃಷಿವಿಷವನ್ನು ತಯಾರಿಸುತ್ತಿದ್ದ ಕಾರ್ಮಿಕರು, ತಮಗೆ ಮಕ್ಕಳಾಗುತ್ತಿಲ್ಲವೆಂದು ಪರಸ್ಪರ ಮಾತಾಡಿಕೊಂಡು ಪರೀಕ್ಷೆಗೆ ಹೋದುದರಿಂದ ೧೯೭೭ರಲ್ಲಿ ಆ ವಿಷದ ಗುಣವು ಬಯಲಿಗೆ ಬಿತ್ತು. ಅವರು ನಾಚಿ ಸುಮ್ಮನಿದ್ದಿದ್ದರೆ ಅದು ಇನ್ನೂ ಎಷ್ಟು ಮನೆಗಳನ್ನು ಬರಿದು ಮಾಡುತ್ತಿತ್ತೋ.

ಪರೀಕ್ಷೆಯಾದರೂ ಬಹು ಸುಲಭ. ಎರಡರಿಂದ ಏಳು ದಿನ ಬ್ರಹ್ಮಚರ್ಯದಿಂದಿದ್ದು, ವೀರ್ಯವನ್ನು ಶುದ್ಧವಾದ ಪಾತ್ರೆಯಲ್ಲಿ ಒಂದು ತಾಸಿನೊಳಗೆ ಪ್ರಯೋಗಶಾಲೆಗೆ ಮುಟ್ಟಿಸಬೇಕು. ನೋವಿಲ್ಲ, ಸೂಜಿಯಿಲ್ಲ, ಒಂದು ಬೆಳಗಿನ ಕೆಲಸ. ಹೆಂಗಸಿಗೆ ಮಾಡುವ ಪರೀಕ್ಷೆಗಳೊಡನೆ ಹೋಲಿಸಿದರೆ ಇದು ಪರೀಕ್ಷೆಯೇ ಅಲ್ಲ. ೧೬೭೭ರಲ್ಲಿ ಹಾಲೆಂಡಿನ ಡೆಲ್ಫ್ಟ್ ಪಟ್ಟಣದ ಬಟ್ಟೆಯ ವರ್ತಕ ಲೇವನ್‌ಹುಕನು ತಾನೇ ಉಜ್ಜಿ ಮಾಡಿದ ಕಾಚಿನ ಮಣಿಯ ಮೂಲಕ ವೀರ್ಯಾಣುಗಳನ್ನು ನೋಡಿ ಜಗತ್ತಿಗೆ ವರದಿ ಮಾಡಿದನು. ಇಂದಿಗೂ ಕೆಲಸ ಅದೇ: ಎಣಿಸುವದು, ಓಟವನ್ನು ನೋಡುವದು, ಆಕಾರವನ್ನು ನೋಡುವದು. ವಿಶ್ವ ಆರೋಗ್ಯ ಸಂಸ್ಥೆಯು ೨೦೨೧ರಲ್ಲಿ ಹೊರಡಿಸಿದ ಕೈಪಿಡಿಯ ಪ್ರಕಾರ ಒಂದು ಮಿಲಿಲೀಟರಿಗೆ ೧ ಕೋಟಿ ೬೦ ಲಕ್ಷ ಅಣುಗಳಿರುವದು ಸಾಧಾರಣದ ಕೆಳಗಡೆಯ ಗೆರೆ. ಅದಕ್ಕಿಂತ ಕಡಿಮೆಯಾದರೆ ಮಕ್ಕಳಾಗುವದೇ ಇಲ್ಲವೆಂದಲ್ಲ, ಹೆಚ್ಚಾದರೆ ಆಗಿಯೇ ಆಗುವದೆಂದೂ ಅಲ್ಲ. ಒಂದು ಸಲದ ಪರೀಕ್ಷೆಯಲ್ಲಿ ದೋಷ ಕಂಡರೆ ಕೆಲವು ವಾರ ಬಿಟ್ಟು ಮತ್ತೊಮ್ಮೆ ನೋಡದೆ ತೀರ್ಮಾನಿಸಲಾಗದು.

ದೋಷ ಸಿದ್ಧವಾಯಿತೆನ್ನಿರಿ, ಎಲ್ಲಕ್ಕೂ ಶಸ್ತ್ರವಿಲ್ಲ. ಬೆಳೆದ ಗಂಡುಮಕ್ಕಳಿಗೆ ಬಂದ ಮಂಗನಬಾವು ಕೆಲವೊಮ್ಮೆ ವೃಷಣಕ್ಕೆ ಇಳಿದು ಅದನ್ನು ಒಣಗಿಸುವದು. ಕೂಸಿನ ವೃಷಣವು ಚೀಲಕ್ಕೆ ಇಳಿಯದೆ ಹೊಟ್ಟೆಯಲ್ಲಿಯೇ ನಿಂತಿದ್ದರೆ ಒಂದೂವರೆ ವರುಷದೊಳಗೆ ಶಸ್ತ್ರಚಿಕಿತ್ಸೆ ಮಾಡಿಸತಕ್ಕದ್ದು. ದೊಡ್ಡವನಾದ ಮೇಲೆ ಮಾಡಿಸಿದರೆ ಹಾನಿ ಆಗಿಹೋಗಿರುತ್ತದೆ. ಹುಟ್ಟಿನಿಂದಲೇ ಬಂದ ಕೆಲವು ದೋಷಗಳಿಗೆ ಇನ್ನೂ ಮದ್ದಿಲ್ಲ. ತಂಬಾಕು, ಮದ್ಯಗಳು ಬಿಡುವದರಿಂದಲೇ ವಾಸಿಯಾಗತಕ್ಕ ದೋಷಗಳು. ಮತ್ತೊಂದು ಸಂಗತಿಯನ್ನು ಒತ್ತಿ ಹೇಳಬೇಕು. ಶಕ್ತಿ ಬರಲೆಂದು, ಮೈ ಕಟ್ಟಲೆಂದು, ಕೆಲವರು ಟೆಸ್ಟೊಸ್ಟೆರೋನ್ ಎಂಬ ಪುರುಷರಸದ ಸೂಜಿಯನ್ನು ಚುಚ್ಚಿಸಿಕೊಳ್ಳುವರು. ಹೊರಗಿನಿಂದ ರಸ ಬಂದಿತೆಂದು ತಿಳಿದ ಮೆದುಳು ವೃಷಣಕ್ಕೆ ಕೊಡುವ ಆಜ್ಞೆಯನ್ನೇ ನಿಲ್ಲಿಸಿಬಿಡುತ್ತದೆ; ಅಣುಗಳ ಉತ್ಪತ್ತಿ ನಿಂತುಹೋಗುತ್ತದೆ. ಮಕ್ಕಳು ಬೇಕೆಂದು ಹೋದವನಿಗೆ ಈ ಸೂಜಿಯನ್ನು ಕೊಡುವವನು ವೈದ್ಯನಲ್ಲ. ಗೋಡೆಗಳ ಮೇಲೆ ‘ಗುಪ್ತರೋಗ’ವೆಂದು ಬರೆಯಿಸಿ, ಊರ ಹೊರಗೆ ಡೇರೆ ಹಾಕಿ ಕೂಡುವವರ ಪುಡಿಗಳಲ್ಲಿ ಏನಿದೆಯೆಂಬುದನ್ನು ಅವರೇ ಬಲ್ಲರು.

ಶಸ್ತ್ರದಿಂದ ತಿದ್ದತಕ್ಕ ದೋಷಗಳು ಮುಖ್ಯವಾಗಿ ಎರಡು ಬಗೆ. ಒಂದು, ವೃಷಣದಿಂದ ಮೇಲೇರುವ ರಕ್ತನಾಳಗಳು ಉಬ್ಬಿ ಹುಳಗಳ ಚೀಲದಂತೆ ಸುತ್ತಿಕೊಳ್ಳುವದು. ಇದಕ್ಕೆ ವೈದ್ಯರು ವೆರಿಕೋಸೀಲ್ ಎನ್ನುವರು. ಸಾಮಾನ್ಯ ಗಂಡಸರಲ್ಲಿ ನೂರಕ್ಕೆ ಸುಮಾರು ೧೫ ಮಂದಿಗೆ, ಮಕ್ಕಳಾಗದೆ ಬಂದವರಲ್ಲಿ ನೂರಕ್ಕೆ ೩೫ರಿಂದ ೪೦ ಮಂದಿಗೆ ಇದು ಕಂಡುಬರುತ್ತದೆ. ಎಡಗಡೆಯಲ್ಲಿಯೇ ಹೆಚ್ಚು. ಎಡಗಡೆಯ ನಾಳವು ನೆಟ್ಟಗೆ ಮೇಲೇರಿ ಮೂತ್ರಪಿಂಡದ ನಾಳವನ್ನು ಅಡ್ಡಲಾಗಿ ಸೇರುವದರಿಂದ ರಕ್ತವು ಹಿಂದಕ್ಕೆ ನಿಲ್ಲುವದು. ನಿಂತ ರಕ್ತದ ಕಾವು ವೃಷಣದ ತಂಪನ್ನು ಕೆಡಿಸುವದು. ಎರಡನೆಯದು, ದಾರಿ ಕಟ್ಟಿಕೊಳ್ಳುವದು. ವೃಷಣದಲ್ಲಿ ಬೀಜವಿದೆ, ಹೊರಗೆ ಬರಲು ಹಾದಿಯಿಲ್ಲ. ಹಳೆಯ ಸೋಂಕಿನಿಂದ, ಕ್ಷಯದಿಂದ, ಅಥವಾ ಸಂತಾನನಿರೋಧಕ್ಕಾಗಿ ಮಾಡಿಸಿಕೊಂಡ ನಸಬಂದಿಯಿಂದ ಹೀಗಾಗುವದು.

ನಸಬಂದಿಯ ಮಾತು ಬಂದುದರಿಂದ ಇತಿಹಾಸವನ್ನು ಸ್ವಲ್ಪ ನೆನೆಯುವದು ಉಚಿತ. ಸರಕಾರದ ವತಿಯಿಂದ ಸಂತಾನನಿಯಂತ್ರಣದ ಚಿಕಿತ್ಸಾಲಯಗಳನ್ನು ತೆರೆಯಲು ೧೯೩೦ರಲ್ಲಿಯೇ ಆಜ್ಞೆ ಹೊರಡಿಸಿದ ಕೀರ್ತಿ ಮೈಸೂರು ಸಂಸ್ಥಾನದ್ದು. ಪ್ರಪಂಚದಲ್ಲಿಯೇ ಅದು ಮೊದಲನೆಯದೆಂದು ಹೇಳುವರು. ಅಂಥ ವಿವೇಕದ ಕಾರ್ಯಕ್ಕೆ ಮುಂದೆ ತುರ್ತುಪರಿಸ್ಥಿತಿಯ ಕಾಲದಲ್ಲಿ ಬಲಾತ್ಕಾರದ ಮಸಿ ಹತ್ತಿತು. ೧೯೭೬–೭೭ರ ಒಂದೇ ವರುಷದಲ್ಲಿ ದೇಶದಲ್ಲಿ ಸುಮಾರು ೬೨ ಲಕ್ಷ ಗಂಡಸರಿಗೆ ನಸಬಂದಿಯಾಯಿತು. ಆ ಭೀತಿಯು ಇಂದಿಗೂ ಆರಿಲ್ಲ. ೨೦೧೯–೨೧ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ದೇಶದ ವಿವಾಹಿತ ಸ್ತ್ರೀಯರಲ್ಲಿ ನೂರಕ್ಕೆ ಸುಮಾರು ೩೮ ಮಂದಿ ಶಸ್ತ್ರ ಮಾಡಿಸಿಕೊಂಡವರು. ಗಂಡನಿಗೆ ಶಸ್ತ್ರವಾದ ದಂಪತಿಗಳು ಸಾವಿರಕ್ಕೆ ಮೂರು. ಮಕ್ಕಳು ಬೇಡವಾದಾಗಲೂ ಹೆಂಗಸಿನ ಹೊಟ್ಟೆಗೇ ಶಸ್ತ್ರ, ಬೇಕಾದಾಗಲೂ ಅವಳಿಗೇ ಚಿಕಿತ್ಸೆ! ನಸಬಂದಿ ಮಾಡಿಸಿಕೊಂಡ ಅಲ್ಪಸ್ವಲ್ಪ ಜನರಲ್ಲಿ ಕೆಲವರಿಗೆ ದೈವಗತಿಯಿಂದ ಇದ್ದ ಮಕ್ಕಳು ತೀರಿಕೊಳ್ಳುವದುಂಟು, ಹೆಂಡತಿ ತೀರಿ ಮರುಮದುವೆಯಾಗುವದುಂಟು. ಕಡಿದ ನಾಳವನ್ನು ಮರಳಿ ಕೂಡಿಸಬಹುದೆಂಬುದನ್ನು ಅಂಥವರು ತಿಳಿದಿರುವದು ಒಳ್ಳೆಯದು.

ಆ ಕೂಡಿಸುವಿಕೆಯ ನಾಜೂಕನ್ನು ಕೇಳಿರಿ. ಶುಕ್ರನಾಳದ ಹೊರಗಾತ್ರವು ಎರಡು ಮೂರು ಮಿಲಿಮೀಟರು, ಜೋಳದ ಕಾಳಿಗಿಂತಲೂ ಸಣ್ಣದು. ಅದರ ಒಳಗಿನ ರಂಧ್ರವಾದರೋ ಮಿಲಿಮೀಟರಿನ ಮೂರನೆಯ ಒಂದು ಪಾಲಿನಷ್ಟು. ಬರಿಗಣ್ಣಿಗೆ ಅದು ಚುಕ್ಕೆಯಂತೆ ಕಂಡೀತು. ಈ ಚುಕ್ಕೆಗೆ ಆ ಚುಕ್ಕೆಯನ್ನು ಸರಿಯಾಗಿ ಎದುರಿಟ್ಟು, ಒಳಪದರಕ್ಕೆ ಒಳಪದರ, ಹೊರಪದರಕ್ಕೆ ಹೊರಪದರ ಸೇರುವಂತೆ ಹೊಲಿಯಬೇಕು. ಹೊಲಿಯುವ ನೂಲು ಮನುಷ್ಯನ ತಲೆಗೂದಲಿಗಿಂತಲೂ ಬಹಳ ತೆಳು. ಕೂದಲಿನ ಗಾತ್ರದ ಮೂರನೆಯ ಒಂದು ಪಾಲೆಂದರೆ ಸಲ್ಲುತ್ತದೆ. ಉಸಿರು ತಾಗಿದರೆ ಹಾರೀತು. ಹತ್ತರಿಂದ ಇಪ್ಪತ್ತೈದು ಪಟ್ಟು ದೊಡ್ಡದಾಗಿ ತೋರಿಸುವ ಸೂಕ್ಷ್ಮದರ್ಶಕದ ಕೆಳಗೆ, ಎರಡು ಮೂರು ತಾಸು ಅಲುಗಾಡದೆ ಕುಳಿತು ಶಸ್ತ್ರವೈದ್ಯನು ಈ ಕೆಲಸವನ್ನು ಮಾಡುತ್ತಾನೆ. ಜರಿಯ ಅಂಚಿನ ಎಳೆಯೊಂದು ಕಡಿದಾಗ ನೇಕಾರನು ಅದನ್ನು ಹುಡುಕಿ ಗಂಟಿಕ್ಕುವ ತಾಳ್ಮೆಯನ್ನು ಬಲ್ಲವರಿಗೆ ಇದು ಸ್ವಲ್ಪ ಮನಸ್ಸಿಗೆ ಬಂದೀತು. ಕಣ್ಣು ನೂರಕ್ಕೆ ನೂರು ಸರಿಯಿದ್ದರೂ ಸಾಲದು, ಅಂಗೈ ಕಂಪಿಸಬಾರದು. ಮನುಷ್ಯನ ಕೈಯಾದರೂ, ಎಂಥ ನಿಪುಣನದಾದರೂ, ಸೆಕೆಂಡಿಗೆ ಹತ್ತರಷ್ಟು ಸಲ ಸಣ್ಣಗೆ ಕಂಪಿಸುತ್ತಲೇ ಇರುತ್ತದೆ. ಬರಿಗಣ್ಣಿಗೆ ಕಾಣದ ಆ ನಡುಕವು ಸೂಕ್ಷ್ಮದರ್ಶಕದ ಕೆಳಗೆ ಭೂಕಂಪದಂತೆ ತೋರುವದು.

ಈ ವಿದ್ಯೆಯು ಏಕಾಏಕಿ ಬಂದುದಲ್ಲ. ಸ್ವೀಡನ್ನಿನ ಕಾರ್ಲ್ ನೈಲೆನ್ನನು ೧೯೨೧ರಲ್ಲಿ ಕಿವಿಯ ಶಸ್ತ್ರಕ್ಕೆ ಮೊದಲು ಸೂಕ್ಷ್ಮದರ್ಶಕವನ್ನು ಬಳಸಿದನು. ೧೯೬೦ರಲ್ಲಿ ಅಮೇರಿಕದ ಜೂಲಿಯಸ್ ಜೇಕಬ್‌ಸನ್ನನು ಅತಿ ಸಣ್ಣ ರಕ್ತನಾಳಗಳನ್ನು ಅದರ ಸಹಾಯದಿಂದ ಕೂಡಿಸಿ ತೋರಿಸಿದನು. ಆ ಬಳಿಕ ೧೯೭೦ರ ದಶಕದಲ್ಲಿ ಆಸ್ಟ್ರೇಲಿಯದ ಅರ್ಲ್ ಓವೆನ್, ಅಮೇರಿಕದ ಶರ್ಮನ್ ಸಿಲ್ಬರ್ ಇವರು ಶುಕ್ರನಾಳಕ್ಕೆ ಅದನ್ನು ಅನ್ವಯಿಸಿದರು. ೧೯೯೧ರಲ್ಲಿ ಅಮೇರಿಕದ ವೈದ್ಯಮಂಡಲಿಯೊಂದು ೧೪೬೯ ಜನರ ಫಲಿತಾಂಶವನ್ನು ಪ್ರಕಟಿಸಿತು. ನಸಬಂದಿಯಾಗಿ ಮೂರು ವರುಷದೊಳಗೆ ಮರಳಿ ಕೂಡಿಸಿಕೊಂಡವರಲ್ಲಿ ನೂರಕ್ಕೆ ೯೭ ಮಂದಿಗೆ ವೀರ್ಯಾಣುಗಳು ಹೊರಬಂದವು, ೭೬ ಮಂದಿಯ ಪತ್ನಿಯರು ಗರ್ಭ ಧರಿಸಿದರು. ಹದಿನೈದು ವರುಷ ಮೀರಿದವರಲ್ಲಿ ಆ ಸಂಖ್ಯೆಗಳು ೭೧ಕ್ಕೂ ೩೦ಕ್ಕೂ ಇಳಿದವು. ಕಾಲವನ್ನು ವ್ಯರ್ಥಮಾಡುವದರ ಬೆಲೆಯೆಷ್ಟೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಲೆಕ್ಕ ಬೇಡ. ಉಬ್ಬಿದ ರಕ್ತನಾಳಗಳ ಶಸ್ತ್ರಕ್ಕೂ ನ್ಯೂಯಾರ್ಕಿನ ಮಾರ್ಕ್ ಗೋಲ್ಡ್‌ಸ್ಟೀನ್ ಮೊದಲಾದವರು ಸೂಕ್ಷ್ಮದರ್ಶಕವನ್ನು ತಂದರು. ವೃಷಣಕ್ಕೆ ಜೀವರಕ್ತ ಒಯ್ಯುವ ಶುದ್ಧನಾಳವು ಒಂದು ಮಿಲಿಮೀಟರಿನಷ್ಟು ಮಾತ್ರ. ಕಾಣದೆ ಅದನ್ನು ಕಟ್ಟಿಬಿಟ್ಟರೆ ವೃಷಣವೇ ಒಣಗೀತು. ಕಂಡು ಉಳಿಸುವದರಲ್ಲಿಯೇ ಈ ಶಸ್ತ್ರದ ಜಾಣ್ಮೆ.

ಇನ್ನು ಯಂತ್ರಹಸ್ತ. ‘ರೋಬೋಟು’ ಎಂಬ ಹೆಸರು ಚೆಕ್ ನಾಡಿನ ಕರೆಲ್ ಚಾಪೆಕ್ ಎಂಬ ನಾಟಕಕಾರನ ಕೃತಿಯಿಂದ ೧೯೨೦ರಲ್ಲಿ ಹೊರಟಿತು. ಆ ಭಾಷೆಯಲ್ಲಿ ಅದರ ಮೂಲಕ್ಕೆ ‘ಬಿಟ್ಟಿ ಚಾಕರಿ’ ಎಂಬರ್ಥ. ಬಿಟ್ಟಿ ಚಾಕರಿಗೂ ಕಾಯಕಕ್ಕೂ ಇರುವ ಅಂತರವನ್ನು ಈ ಸಭೆಗೆ ವಿವರಿಸಬೇಕಾದುದಿಲ್ಲ. ಹೆಸರಿನಿಂದ ಜನರಿಗೆ ಒಂದು ಭ್ರಾಂತಿ ಹುಟ್ಟಿದೆ. ಲೋಹದ ಗೊಂಬೆಯೊಂದು ತಾನಾಗಿಯೇ ಕತ್ತಿ ಹಿಡಿದು ರೋಗಿಯನ್ನು ಕೊಯ್ಯುವದೆಂದು ಅನೇಕರು ತಿಳಿದಿರುವರು. ಹಾಗೇನೂ ಇಲ್ಲ. ಶಸ್ತ್ರವೈದ್ಯನು ಅದೇ ಕೋಣೆಯಲ್ಲಿ ಒಂದು ಪೀಠದ ಮೇಲೆ ಕುಳಿತು, ದೊಡ್ಡದಾಗಿ ತೋರುವ ಚಿತ್ರವನ್ನು ನೋಡುತ್ತ, ಎರಡು ಹಿಡಿಕೆಗಳನ್ನು ಬೆರಳುಗಳಿಂದ ಆಡಿಸುತ್ತಾನೆ. ರೋಗಿಯ ಮೇಲೆ ಬಾಗಿರುವ ಯಂತ್ರದ ತೋಳುಗಳು ಅದೇ ಚಲನೆಯನ್ನು ಅನುಸರಿಸುತ್ತವೆ. ಎರಡು ಉಪಕಾರಗಳು ಇದರಿಂದ ಆಗುತ್ತವೆ. ಕೈಯ ನಡುಕವನ್ನು ಯಂತ್ರವು ನಡುವೆಯೇ ಸೋಸಿಬಿಡುತ್ತದೆ. ಅಲ್ಲದೆ ಚಲನೆಯನ್ನು ಕುಗ್ಗಿಸುತ್ತದೆ: ವೈದ್ಯನ ಬೆರಳು ಐದು ಮಿಲಿಮೀಟರು ಸರಿದರೆ ಸೂಜಿಯ ತುದಿಯು ಒಂದೇ ಮಿಲಿಮೀಟರು ಸರಿಯುವಂತೆ ಮಾಡಬಹುದು. ಬೆನ್ನು ಬಾಗಿಸದೆ ಕೂಡುವದರಿಂದ ವೈದ್ಯನ ಆಯಾಸವೂ ತಗ್ಗುವದು.

ಡಾ ವಿಂಚಿ ಎಂಬ ಹೆಸರಿನ ಇಂಥ ಯಂತ್ರಕ್ಕೆ ಅಮೇರಿಕದ ಸರಕಾರವು ೨೦೦೦ದಲ್ಲಿ ಒಪ್ಪಿಗೆ ಕೊಟ್ಟಿತು. ೨೦೦೧ರ ಸೆಪ್ಟೆಂಬರಿನಲ್ಲಿ ಜಾಕ್ ಮರೆಸ್ಕೊ ಎಂಬ ಫ್ರೆಂಚ್ ವೈದ್ಯರು ನ್ಯೂಯಾರ್ಕಿನಲ್ಲಿ ಕುಳಿತು, ಸಮುದ್ರದಾಚೆ ಸ್ಟ್ರಾಸ್‌ಬರ್ಗಿನಲ್ಲಿದ್ದ ರೋಗಿಯ ಪಿತ್ತಕೋಶವನ್ನು ಬೇರೊಂದು ಯಂತ್ರದ ಮೂಲಕ ತೆಗೆದರು. ಕಾಳಗಿಯಂಥ ಊರಿನವರು ಈ ಸುದ್ದಿಯನ್ನು ಕೇಳಿ ಆಸೆಪಡುವದು ಸಹಜವಾದರೂ, ಇನ್ನೂ ಅದು ನಿತ್ಯದ ರೂಢಿಯಾಗಿಲ್ಲ. ಶುಕ್ರನಾಳವನ್ನು ಯಂತ್ರದ ಕೈಯಿಂದ ಮನುಷ್ಯರಲ್ಲಿ ಕೂಡಿಸಿದ ವರದಿಯು ೨೦೦೪ರಲ್ಲಿ ಹೊರಬಂದಿತು. ಅಲ್ಲಿಂದೀಚೆಗೆ ಫ್ಲಾರಿಡದ ಸಿಜೋ ಪಾರೆಕಾಟಿಲ್ ಎಂಬ ವೈದ್ಯರು ಇದನ್ನು ಬಹಳವಾಗಿ ಬೆಳೆಯಿಸಿದರು. ಡಾ ವಿಂಚಿಯು ದೊಡ್ಡ ಅಂಗಗಳಿಗಾಗಿ ಹುಟ್ಟಿದ ಯಂತ್ರ. ಕೇವಲ ಸೂಕ್ಷ್ಮ ಹೊಲಿಗೆಗೆಂದೇ ಹಾಲೆಂಡಿನಲ್ಲಿ ಮೂಸಾ, ಇಟಲಿಯಲ್ಲಿ ಸಿಮಾನಿ ಎಂಬ ಯಂತ್ರಗಳು ಆ ಮೇಲೆ ತಯಾರಾದವು. ಭಾರತದಲ್ಲಿಯೂ ಗುರುಗ್ರಾಮದಲ್ಲಿ ‘ಮಂತ್ರ’ ಎಂಬ ಹೆಸರಿನ ಶಸ್ತ್ರಯಂತ್ರವು ನಿರ್ಮಾಣವಾಗಿದೆ. ಬೆಂಗಳೂರು, ಹೈದರಾಬಾದುಗಳ ದೊಡ್ಡ ಆಸ್ಪತ್ರೆಗಳಲ್ಲಿ ಯಂತ್ರಹಸ್ತಗಳಿವೆ. ಅಲ್ಲಿ ಅವುಗಳ ಹೆಚ್ಚಿನ ಕೆಲಸವು ಪ್ರಾಸ್ಟೇಟು, ಮೂತ್ರಪಿಂಡ, ಗರ್ಭಕೋಶ ಮೊದಲಾದವುಗಳ ಮೇಲೆ.

ಹಾಗಾದರೆ ಯಂತ್ರವಿಲ್ಲದೆ ಮಾಡಿಸಿಕೊಂಡ ಶಸ್ತ್ರವು ಕೀಳೆ? ಇಲ್ಲಿ ನಿಷ್ಪಕ್ಷಪಾತವಾಗಿ ಹೇಳಬೇಕಾದುದುಂಟು. ಯಂತ್ರದಿಂದ ಕೆಲಸ ಬೇಗನೆ ಮುಗಿಯಿತು, ಫಲ ಹೆಚ್ಚಿತು ಎಂದು ಕೆಲವು ವೈದ್ಯರು ವರದಿ ಮಾಡಿರುವರು. ಎರಡಕ್ಕೂ ಫಲ ಒಂದೇ ಎಂದು ಮತ್ತೆ ಕೆಲವರು ತೋರಿಸಿರುವರು. ಯಂತ್ರದ ತೋಳಿಗೆ ಸ್ಪರ್ಶಜ್ಞಾನವಿಲ್ಲವೆಂಬುದು ಅದರ ಹಳೆಯ ಕೊರತೆ. ನೂಲು ಎಷ್ಟು ಬಿಗಿಯಿತೆಂಬುದನ್ನು ವೈದ್ಯನು ಕಣ್ಣಿನಿಂದಲೇ ಊಹಿಸಬೇಕಾಗುತ್ತಿತ್ತು. ಇತ್ತೀಚಿನ ಯಂತ್ರಗಳಲ್ಲಿ ಅದನ್ನು ತುಂಬಲು ಯತ್ನ ನಡೆದಿದೆ. ಯಂತ್ರದ ಬೆಲೆ ಕೋಟಿಗಟ್ಟಲೆ; ಅದರ ಉಪಕರಣಗಳನ್ನು ಎಣಿಸಿದಷ್ಟು ಸಲ ಬಳಸಿ ಬಿಸಾಡಬೇಕು. ಆ ವೆಚ್ಚವೆಲ್ಲ ಕೊನೆಗೆ ರೋಗಿಯ ತಲೆಯ ಮೇಲೆಯೇ ಬರತಕ್ಕದ್ದು. ನುರಿತ ವೈದ್ಯನು ಸೂಕ್ಷ್ಮದರ್ಶಕದ ಕೆಳಗೆ ತನ್ನ ಸ್ವಂತ ಕೈಯಿಂದ ಮಾಡಿದ ಹೊಲಿಗೆಯು ನುರಿಯದವನ ಯಂತ್ರದ ಹೊಲಿಗೆಗಿಂತ ಸಾವಿರ ಪಾಲು ಮೇಲು. ಆದಕಾರಣ ದವಾಖಾನೆಗೆ ಹೋದವರು ‘ಯಂತ್ರವಿದೆಯೆ?’ ಎಂದು ಕೇಳುವ ಮೊದಲು ‘ಈ ಶಸ್ತ್ರವನ್ನು ಎಷ್ಟು ಮಂದಿಗೆ ಮಾಡಿದ್ದೀರಿ, ಫಲವೇನಾಯಿತು?’ ಎಂದು ಕೇಳುವದು ಮೇಲು. ಯಂತ್ರದ ಹೆಸರು ಕೇಳಿ ಎರಡೆಕರೆ ಹೊಲವನ್ನು ಒತ್ತೆಯಿಡುವದು ವಿವೇಕವಲ್ಲ. ಹುಟ್ಟುವ ಮಗುವಿಗೂ ಹೊಲ ಬೇಕಲ್ಲವೆ?

ದಾರಿಯೂ ಕಟ್ಟಿಲ್ಲ, ರಕ್ತನಾಳವೂ ಉಬ್ಬಿಲ್ಲ, ಆದರೂ ವೀರ್ಯದಲ್ಲಿ ಅಣುವಿಲ್ಲ ಎಂಬವರ ಪಾಡೇನು? ಒಂದು ಕಾಲಕ್ಕೆ ಅವರನ್ನು ಕೈಬಿಡುತ್ತಿದ್ದರು. ೧೯೯೯ರಲ್ಲಿ ಪೀಟರ್ ಶ್ಲೆಗೆಲ್ಲನು ವೃಷಣವನ್ನು ಸೂಕ್ಷ್ಮದರ್ಶಕದ ಕೆಳಗೆ ತೆರೆದು, ಒಣಗಿದ ನಳಿಕೆಗಳ ನಡುವೆ ತುಂಬಿಕೊಂಡಿರುವ ಒಂದೆರಡು ನಳಿಕೆಗಳನ್ನು ಹುಡುಕುವ ಕ್ರಮವನ್ನು ಪ್ರಕಟಿಸಿದನು. ಸುಮಾರು ಅರ್ಧ ಮಂದಿಯಲ್ಲಿ ಕೆಲವಾದರೂ ಅಣುಗಳು ಸಿಕ್ಕುವವು. ಬರಗಾಲದ ಹೊಲದಲ್ಲಿ ಹಸಿಯಿದ್ದ ಮೂಲೆಯನ್ನು ಹುಡುಕಿದಂತೆ ಇದು. ಹೀಗೆ ಸಿಕ್ಕ ಒಂದೇ ಅಣುವನ್ನು ತಾಯಿಯ ಅಂಡದೊಳಗೆ ಸೂಜಿಯಿಂದ ಸೇರಿಸುವ ವಿದ್ಯೆಯು ೧೯೯೨ರಲ್ಲಿ ಬ್ರಸೆಲ್ಸಿನಲ್ಲಿ ಸಿದ್ಧಿಸಿತ್ತು.

ಅಂಡವನ್ನು ಶರೀರದ ಹೊರಗೆ ಫಲಿಸುವ ಈ ಮಾರ್ಗದಲ್ಲಿ ಭಾರತೀಯರ ಪಾಲು ದೊಡ್ಡದಾಗಿದ್ದು, ಅದರ ಹಿಂದೆ ಒಂದು ಕರುಣಕಥೆಯಿದೆ. ೧೯೭೮ರ ಅಕ್ಟೋಬರ ೩ರಂದು, ಇಂಗ್ಲಂಡಿನ ಪ್ರಥಮ ಶಿಶು ಹುಟ್ಟಿ ಹತ್ತು ವಾರಗಳೊಳಗೆ, ಕಲಕತ್ತೆಯಲ್ಲಿ ಡಾಕ್ಟರ ಸುಭಾಷ ಮುಖರ್ಜಿಯವರ ಪ್ರಯತ್ನದಿಂದ ಇಂಥ ಹೆಣ್ಣು ಶಿಶು ಜನಿಸಿತು. ಅಧಿಕಾರಿಗಳು ಅವರನ್ನು ನಂಬಲಿಲ್ಲ, ಅವಹೇಳನ ಮಾಡಿದರು. ಮನನೊಂದು ಅವರು ೧೯೮೧ರಲ್ಲಿ ಪ್ರಾಣ ತೊರೆದರು. ೧೯೮೬ರಲ್ಲಿ ಮುಂಬಯಿಯಲ್ಲಿ ಡಾಕ್ಟರ ಇಂದಿರಾ ಹಿಂದೂಜಾ ಮತ್ತು ಡಾಕ್ಟರ ಟಿ. ಸಿ. ಆನಂದಕುಮಾರ ಇವರ ಯತ್ನದಿಂದ ಹುಟ್ಟಿದ ಶಿಶುವೇ ದೇಶದಲ್ಲಿ ಮೊದಲನೆಯದೆಂದು ಪ್ರಸಿದ್ಧವಾಯಿತು. ಮುಂದೆ ಬೆಂಗಳೂರಿನಲ್ಲಿ ನೆಲಸಿದ ಆನಂದಕುಮಾರರು ಮುಖರ್ಜಿಯವರ ಹಳೆಯ ಕಾಗದಪತ್ರಗಳನ್ನು ಓದಿನೋಡಿ, ಮೊದಲಿಗರು ಅವರೇ ಹೊರತು ತಾವಲ್ಲವೆಂದು ೧೯೯೭ರಲ್ಲಿ ಬೆಂಗಳೂರಿನ ‘ಕರೆಂಟ್ ಸಾಯನ್ಸ್’ ಪತ್ರಿಕೆಯಲ್ಲಿ ಬಹಿರಂಗವಾಗಿ ಬರೆದರು. ತನ್ನ ತಲೆಯ ಕಿರೀಟವನ್ನು ತಾನೇ ತೆಗೆದು ಮೃತನಾದವನ ತಲೆಗಿಡುವದು ಪಂಡಿತರಲ್ಲಿ ಅಪರೂಪದ ಗುಣ.

ಕಾಳಗಿಯ ಸುತ್ತಲಿನವರು ಮೊದಲ ಪರೀಕ್ಷೆಗೆ ದೂರ ಹೋಗಬೇಕಾಗಿಲ್ಲ. ವೀರ್ಯಪರೀಕ್ಷೆಯೂ, ವೈದ್ಯನು ಕೈಯಿಂದ ಮುಟ್ಟಿ ನೋಡುವ ಪರೀಕ್ಷೆಯೂ ಕಲಬುರಗಿಯಲ್ಲಿಯೇ ಆಗತಕ್ಕವು. ೧೯೬೩ರಲ್ಲಿ ಸ್ಥಾಪಿತವಾದ ಮಹಾದೇವಪ್ಪ ರಾಂಪುರೆ ವೈದ್ಯಕೀಯ ಕಾಲೇಜು ಸೇಡಂ ರಸ್ತೆಯ ಮೇಲೆಯೇ ಇದೆ. ಸರಕಾರಿ ವೈದ್ಯಕೀಯ ವಿದ್ಯಾಸಂಸ್ಥೆಯೂ ಅಲ್ಲಿದೆ. ಮದುವೆಯಾಗಿ ಒಂದು ವರುಷ ಕೂಡಿಬಾಳಿದರೂ ಗರ್ಭ ನಿಲ್ಲದಿದ್ದರೆ, ಹೆಂಡತಿಗೆ ೩೫ ದಾಟಿದ್ದರೆ ಆರೇ ತಿಂಗಳಿಗೆ, ಗಂಡಹೆಂಡಿರಿಬ್ಬರೂ ಒಂದೇ ದಿನ ಹೋಗಿ ತೋರಿಸಿಕೊಳ್ಳತಕ್ಕದ್ದು. ಶರೀರದ ಹೊರಗೆ ಅಂಡವನ್ನು ಫಲಿಸುವ ಚಿಕಿತ್ಸೆಗೆ ಹೋಗುವವರು ೨೦೨೧ರ ಕಾಯದೆಯನ್ನು ತಿಳಿದಿರಬೇಕು. ಅದರಂತೆ ಇಂಥ ಚಿಕಿತ್ಸಾಲಯಗಳು ನೋಂದಣಿಯಾಗಿರಲೇಬೇಕು. ಹೆಂಗಸಿಗೆ ೨೧ರಿಂದ ೫೦, ಗಂಡಸಿಗೆ ೨೧ರಿಂದ ೫೫ ವಯಸ್ಸಿನ ಮಿತಿಯಿದೆ. ಇಬ್ಬರ ಲಿಖಿತ ಒಪ್ಪಿಗೆಯಿಲ್ಲದೆ ಏನನ್ನೂ ಮಾಡಕೂಡದು. ನೋಂದಣಿಯ ಪತ್ರವನ್ನು ತೋರಿಸಿರೆಂದು ಕೇಳುವದರಲ್ಲಿ ಅವಿನಯವೇನೂ ಇಲ್ಲ.

ಶಸ್ತ್ರ ಮಾಡಿಸಿಕೊಂಡವನು ಸಾಮಾನ್ಯವಾಗಿ ಒಂದೆರಡು ದಿನಗಳಲ್ಲಿ ಮನೆಗೆ ಮರಳುವನು. ಕೆಲವು ವಾರ ಭಾರ ಎತ್ತಕೂಡದು. ಫರ್ಸಿಕಲ್ಲಿನ ಗಣಿಗಳಲ್ಲಿ ದುಡಿಯುವವರು ಇದನ್ನು ವಿಶೇಷವಾಗಿ ಪಾಲಿಸಬೇಕು. ದಾಂಪತ್ಯಕ್ಕೂ ವೈದ್ಯನು ಹೇಳಿದಷ್ಟು ದಿನ ಬಿಡುವಿರಬೇಕು. ಉಬ್ಬಿದ ನಾಳಗಳ ಶಸ್ತ್ರವಾದವನು ಮೂರು ತಿಂಗಳಿಗೊಮ್ಮೆ ವೀರ್ಯಪರೀಕ್ಷೆ ಮಾಡಿಸುವದು ರೂಢಿ. ಹೊಸ ಬೆಳೆ ಬರಲು ಅಷ್ಟು ಕಾಲ ಬೇಕೆಂದು ಮೊದಲೇ ಹೇಳಿದೆ. ಮೂರರಲ್ಲಿ ಸುಮಾರು ಎರಡು ಪಾಲು ಮಂದಿಗೆ ಅಣುಗಳ ಎಣಿಕೆಯಲ್ಲಾಗಲಿ ಓಟದಲ್ಲಾಗಲಿ ಸುಧಾರಣೆ ತೋರುವದು. ಎಲ್ಲರ ಮನೆಯಲ್ಲಿಯೂ ತೊಟ್ಟಿಲು ತೂಗುವದೆಂದು ಯಾವ ಪ್ರಾಮಾಣಿಕ ವೈದ್ಯನೂ ಮಾತು ಕೊಡಲಾರನು. ನಾಳ ಕೂಡಿಸಿಕೊಂಡವನಿಗೆ ಗರ್ಭದ ಸುದ್ದಿ ಬರಲು ಒಂದು ವರುಷವೂ, ಅದಕ್ಕಿಂತ ಹೆಚ್ಚೂ ಹಿಡಿದೀತು. ಅಷ್ಟರವರೆಗೆ ಮನೆಯ ಹಿರಿಯರು ಸೊಸೆಯನ್ನು ತಿಂಗಳು ತಿಂಗಳೂ ಕೇಳದಿರುವದು ಚಿಕಿತ್ಸೆಯ ಒಂದು ಭಾಗವೆಂದೇ ವೈದ್ಯರು ಭಾವಿಸುವರು.